ಓರೆ ನಿಂತ ಐದು

ಮೂರು ಪದರ ಬಣ್ಣ.
ಮೇಲೆ ಹಸಿರು, ಅದರಡಿ ಬೂದು, ಅದಕ್ಕೂ ಕೆಳಗೆ ಇಟ್ಟಿಗೆಗೆಂಪು.
ಕೆರೆದದ್ದು ಬೆಣ್ಣೆ ಸವರುವ ಚಾಕುವಿನಿಂದ,
ಆ ಪಂಪ್‌ಮನೆಯಲ್ಲಿ ಬೇರೇನೂ ಕೈಗೆ ಸಿಗಲಿಲ್ಲ.

ಹಿತ್ತಾಳೆಯ ಫಲಕ ಎಂದೋ ಮಾಯ.
ನಾಲ್ಕು ತೂತು ಉಳಿದಿವೆ, ಒಂದರಲ್ಲಿ ಜೇಡ.
ಕೊಳ್ಳಲು ಬಂದವನು ಕೈ ಒರೆಸಿಕೊಳ್ಳುತ್ತ ಅಂದ:
ಯಾವ ಮಾದರಿ, ಯಾವ ಇಸವಿ, ಹೇಳಿ.
ಗೊತ್ತಿಲ್ಲವೆಂದರೆ ಗುಜರಿಯ ದರ, ತೂಕಕ್ಕೆ.

ಲಿಂಕನ್‌ಶೈರಿನ ಈ ನೆಲ ಸಮುದ್ರಕ್ಕಿಂತ ತಗ್ಗು.
ನೀರು ಇಲ್ಲಿ ತಾನಾಗಿ ಎಲ್ಲಿಗೂ ಹೋಗುವುದಿಲ್ಲ,
ಎತ್ತಿ ಕಳಿಸಬೇಕು,
ಹಟಮಾರಿ ಕೂಸನ್ನು ಶಾಲೆಗೆ ಹೊರಡಿಸಿದ ಹಾಗೆ, ದಿನಾ.
ಐವತ್ತು ವರ್ಷ ಎತ್ತಿತು ಇದು.
ನದಿಯ ಮೂಲ ಕೇಳಬಾರದಂತೆ,
ನದಿಯನ್ನು ಎತ್ತಿದ್ದರ ಮೂಲ ಕೇಳಲು
ಕಾಲುವೆ ಮಂಡಳಿ ನನ್ನನ್ನು ಕಳಿಸಿದೆ.

ಕ್ರ್ಯಾಂಕ್‌ಕೇಸಿನ ಬಾಗಿಲ ಅಂಚಲ್ಲಿ, ಕೊನೆಗೆ, ಅಂಕಿ.
ಕಾಗದ ಒತ್ತಿಟ್ಟು ಮೇಲೆ ಪೆನ್ಸಿಲ್ ಉಜ್ಜಿದೆ,
ಚಿಕ್ಕವಳಿದ್ದಾಗ ನಾಣ್ಯದ ಮೇಲೆ ಉಜ್ಜುತ್ತಿದ್ದಂತೆ.
ಐದು, ಒಂದು,
ಮೂರೋ ಎಂಟೋ,
ಏಳು, ಮತ್ತೆ ಐದು.
ಐದು ಎರಡೂ ಎಡಕ್ಕೆ ವಾಲಿವೆ,
ಗಾಳಿಗೆ ಎದುರಾಗಿ ನಡೆಯುವವರ ಹಾಗೆ.

ಕಂಪನಿ ಮುಚ್ಚಿ ಎಷ್ಟೋ ಕಾಲ.
ಅದರ ಕಡತಗಳಿಗೆ ವಾರಕ್ಕೆರಡು ದಿನ ಕಾವಲು
ವಿನಿಫ್ರೆಡ್ ಪೆಕ್ ಎಂಬಾಕೆ. ಅವಳ ಪತ್ರ ಬಂತು:
'ಎಂಟಾದರೆ ಅದು ಹಡಗು ಹತ್ತಿ
ಅರ್ಜೆಂಟೀನಾದ ಮಾಂಸದ ಕಾರ್ಖಾನೆಗೆ ಹೋಯಿತು.
ಮೂರಾದರೆ ನಿಮ್ಮ ಸೀಮೆಯದೇ,
ಆದರೆ ನಿಮ್ಮ ಪಂಪ್‌ಮನೆಯದಲ್ಲ.
ಆರು ಮೈಲಿ ಆಚೆ, ಹಾಬ್ಸ್ ಕಾಲುವೆಯದು.
ವಾಲಿದ ಐದು ನನಗೆ ಪರಿಚಯ.
ಒಬ್ಬನ ಅಚ್ಚು ಹಾಗೆ ಹೊಡೆಯುತ್ತಿತ್ತು.
ಅವನ ಹೆಸರು ಕೂಲಿಪಟ್ಟಿಯಲ್ಲಿ ಇದ್ದಿರಬೇಕು.
ಆ ಪುಟಗಳನ್ನು ಇಲಿ ತಿಂದಿದೆ.'

ಹಾಗಾದರೆ ಇಲ್ಲಿ ನಿಂತಿರುವುದು ಯಾರು?

ಕ್ಲೆಮ್ ಲೆವರ್ಟನ್‌ಗೆ ತೊಂಬತ್ತಮೂರು.
ಸ್ಪಾಲ್ಡಿಂಗಿನ ವೃದ್ಧರ ಮನೆಯಲ್ಲಿ, ಹೀಟರ್ ಪಕ್ಕದ ಕುರ್ಚಿ.
ಕಾಗದ ಕೊಟ್ಟೆ. ಕನ್ನಡಕ ಹುಡುಕಲಿಲ್ಲ,
ಹೆಬ್ಬೆರಳಿನಿಂದ ಸವರಿ ನೋಡಿ
ಚಹಾ ಚೆಲ್ಲುವಷ್ಟು ನಕ್ಕ.

'ನೆರೆ ಬಂದ ವರ್ಷ ಕಣೇ.
ಹನ್ನೊಂದು ರಾತ್ರಿ ನಿಲ್ಲಿಸಲಿಲ್ಲ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆವು, ನಾನು ಮತ್ತು ಆಂಬ್ರೋಸ್,
ಎಂಜಿನಿಗೂ ಅದೇ ಎಣ್ಣೆ.
ಹನ್ನೆರಡನೆಯ ಬೆಳಗ್ಗೆ ಬಾಗಿಲು ಸೀಳಿತು, ಇಷ್ಟುದ್ದ.
ಹಾಬ್ಸ್‌ನ ಎಂಜಿನ್ ಆಗಲೇ ನೀರಲ್ಲಿ ಮುಳುಗಿತ್ತು,
ಮೂಗಿನವರೆಗೆ.
ದೋಣಿಯಲ್ಲಿ ಹೋಗಿ ಬಿಚ್ಚಿಕೊಂಡು ಬಂದೆವು.
ಯಾರನ್ನೂ ಕೇಳಲಿಲ್ಲ.
ಕೇಳಲು ಯಾರಿದ್ದರು?'

ಮಂಡಳಿಯ ಪುಸ್ತಕದಲ್ಲಿ ಈ ಮಾತು ಇಲ್ಲ.
ಪುಸ್ತಕದಲ್ಲಿ ಇರುವುದು: 'ಹಾಬ್ಸ್. ಬಾಗಿಲು ನೆರೆಯಲ್ಲಿ ನಷ್ಟ.'

'ಇದರದ್ದೇ ನಂಬರ್ ಬೇಕೆ?
ಶಾಫ್ಟಿನ ತುದಿ ನೋಡು, ಫ್ಲೈವೀಲ್ ಹಿಂದೆ.
ಕನ್ನಡಿ ತಗೊಂಡು ಹೋಗು. ಟೋಪಿ ಹಾಕಿಕೋ,
ತಲೆ ಬಡಿಯುತ್ತೆ.'

ಬಡಿಯಿತು.
ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿ, ಬಾಯಲ್ಲಿ ಟಾರ್ಚು,
ಗೋಡೆಗೂ ಚಕ್ರಕ್ಕೂ ನಡುವೆ ಒಂದು ತೋಳಿನ ಜಾಗ.
ಅಂಕಿಗಳು ಬೆನ್ನು ತಿರುಗಿಸಿ ಬಂದವು, ಹಿಂದುಮುಂದಾಗಿ:
ಎರಡು, ಸೊನ್ನೆ, ನಾಲ್ಕು, ಒಂದು, ಐದು.
ಬಲದಿಂದ ಎಡಕ್ಕೆ ಬರೆದುಕೊಂಡೆ.
ಕನ್ನಡಿಯಲ್ಲಿ ಐದು ಬಲಕ್ಕೆ ವಾಲಿತ್ತು.
ಅಂದರೆ ಎಡಕ್ಕೆ.

ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದೆ.
ಎರಡು ಎಂಜಿನಿಗೂ ಒಂದೇ ಕೈ, ಒಂದೇ ಸುತ್ತಿಗೆ.
ಕದ್ದ ಬಾಗಿಲು ಅಷ್ಟು ಸರಿಯಾಗಿ ಕೂತದ್ದು
ಸುಮ್ಮನೆ ಅಲ್ಲವೇನೋ.
ಅಥವಾ ಎಲ್ಲ ಬಾಗಿಲೂ ಒಂದೇ ಅಳತೆಯವೇ ಇರಬಹುದು,
ಅಷ್ಟು ಸರಳ.

ಅರ್ಜಿಯಲ್ಲಿ ಕ್ರಮಸಂಖ್ಯೆಗೆ ಒಂದೇ ಸಾಲು.
ಎರಡನ್ನೂ ಬರೆದೆ, ಚಿಕ್ಕ ಅಕ್ಷರದಲ್ಲಿ ಒತ್ತೊತ್ತಾಗಿ.
ಕೊಳ್ಳುವವನು ಫೋನ್ ಮಾಡಿದ:
ಬೆರಕೆ ಮಾಲು, ಬೆಲೆ ಕಮ್ಮಿಯಾಗುತ್ತೆ.

ಗೊತ್ತು, ಅಂದೆ.
ಹಣೆಯ ಮೇಲಿನ ಬೋರೆ ಇನ್ನೂ ಇಳಿದಿರಲಿಲ್ಲ.